ಗೋಡೆ ನೋಡುತ್ತಿದ್ದ ದವಡೆ ಡಾಕ್ಟರು

ಮಕ್ಕಳೇ, ಪಿ.ಜೆ. ಬಡಾವಣೆಯಲ್ಲಿ ನನ್ನ ಸವೆದ ದವಡೆ ಕೀಲನ್ನು ನೋಡುತ್ತಿದ್ದ ಡಾಕ್ಟರಿಗೆ, ಪರರೆದುರು ಬಾಯಿ ತೆರೆಯಲು ನನಗಿದ್ದ ನಾಚಿಕೆ ತಿಳಿದಿತ್ತು. ಕುರ್ಚಿಯ ಹಿಂದೆ ನಿಂತು, ನನ್ನ ಕಿವಿಗಳ ಮುಂದೆ ಬೆರಳಿಟ್ಟು, "ನಾ ಗೋಡೆ ನೋಡ್ತೀನಮ್ಮ, ನೀವು ಬಾಯಿ ತೆಗೀರಿ" ಎನ್ನುತ್ತಿದ್ದರು.

ಒಮ್ಮೆ ಹೊಸ ಮದ್ದಿನ ಸುದ್ದಿ ಹೇಳಿದರು. ಕಣ್ಣಿಗೆ ಕಾಣದಷ್ಟು ಸಣ್ಣ, ಜಾರುವ ಕಣಗಳನ್ನು ಸೂಜಿಯಿಂದ ಕೀಲಿನೊಳಗೆ ಬಿಡುತ್ತಾರಂತೆ.

"ಬಂಡಿಗೆ ಕೀಲೆಣ್ಣೆ ಹಾಕಿದಂಗೇನ್ರಿ? ನನಗೂ ಹಾಕ್ರಿ, ರೊಟ್ಟಿ ಅಗಿಯಾಕೆ ಆಗ್ತಿಲ್ಲ" ಎಂದೆ.

"ಇನ್ನೂ ಇಲಿ ಮ್ಯಾಲೆ ಪ್ರಯೋಗ ನಡದೈತಮ್ಮ."

"ಇಲಿಗೆ ನೋವು ಹೋಯ್ತಂತ ಹೆಂಗೆ ತಿಳಿತೈತ್ರಿ?"

"ನನಗೂ ಗೊತ್ತಿಲ್ಲ, ಓದಿ ಹೇಳ್ತೀನಿ" ಎಂದವರು, ಮುಂದಿನ ಸಲ ನಾನು ಕೂರುವ ಮೊದಲೇ ಹೇಳಿದರು: "ಇಲಿ ಮೆತ್ತಂದು ಬಿಟ್ಟು ಗಟ್ಟಿ ಕಾಳು ಕಡಿದ್ರೆ ನೋವು ಹೋತು ಅಂತ ಲೆಕ್ಕ."

ಮಕ್ಕಳೇ, ಆ ದಿನ ಸಾರಿನಲ್ಲಿ ರೊಟ್ಟಿ ನೆನೆಸುತ್ತಾ, ಆ ಇಲಿ ಬೇಗ ಕಾಳು ಕಡಿಯಲಿ ಎಂದು ಬೇಡಿಕೊಂಡೆ.