ಫೈವ್ ಜಿ ಬಿಟ್ಟು ಘಾಟ್ಕೋಪರ್‌ಗೆ

ಧಾರವಾಡದಲ್ಲಿ ರಾತ್ರಿ ಹತ್ತಿದ ಗಾಡಿ ಶನಿವಾರ ಬೆಳಿಗ್ಗೆ ಮುಂಬಯಿಯ ದಾದರ್ ಮುಟ್ಟಿತು. ಮಳೆ ನಿಂತು ಸ್ವಲ್ಪವೇ ಹೊತ್ತಾಗಿರಬೇಕು, ಪ್ಲಾಟ್‌ಫಾರ್ಮ್ ಇನ್ನೂ ಒದ್ದೆಯಾಗಿತ್ತು. ಬಂದವರು ನಾನು ಮತ್ತು ನನ್ನ ತಂಗಿ ಸುಮಾ, ಇಬ್ಬರೇ. ಸುಮಾಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವಳು ಮಾತಾಡುವುದು ಕೈಯಿಂದ. ಊರಿನ ಒಂದು ಫೋಟೊ ಸ್ಟುಡಿಯೊದಲ್ಲಿ ಬೇರೆಯವರ ಮದುವೆಯ ಆಲ್ಬಮ್ ಜೋಡಿಸುವ ಕೆಲಸ ಮಾಡುತ್ತಾಳೆ. ಈ ಸಲ ಹೊರಟದ್ದು ತನ್ನದೇ ಮದುವೆಯ ಮಾತಿಗೆ.

ಹುಡುಗನ ಹೆಸರು ಮಹಾಂತೇಶ. ಮನೆತನ ವಿಜಯಪುರ ಕಡೆಯದು, ತಂದೆಗೆ ಘಾಟ್ಕೋಪರ್‌ನಲ್ಲಿ ಬಟ್ಟೆ ಅಂಗಡಿ. ಅವನಿಗೂ ಕಿವಿ ಕೇಳುವುದಿಲ್ಲ; ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕಿವುಡ ಯುವಕರ ಒಂದು ಫೋನ್ ಗುಂಪಿನಲ್ಲಿ ಪರಿಚಯವಾಗಿ, ಇಬ್ಬರೂ ವರ್ಷದಿಂದ ದಿನವೂ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಿದ್ದರು. ಬರೆದು ಕಳಿಸಿದರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಸುಮಾ ಓದಿದ್ದು ಕನ್ನಡದಲ್ಲಿ, ಅವನು ಮರಾಠಿ, ಹಿಂದಿಯಲ್ಲಿ. ಇಬ್ಬರಿಗೂ ಒಂದಿಷ್ಟು ಬರುವುದು ಹರಕು ಇಂಗ್ಲಿಷ್. ಊಟ ಆಯಿತೇ, ಗಾಡಿ ಬಂತೇ ಎಂದು ಕೇಳಲು ಅದು ಸಾಕು. ಮನಸ್ಸಿನಲ್ಲಿರುವುದನ್ನು ಹೇಳಬೇಕಾದರೆ ಕೈ ಕಾಣಬೇಕು.

ದಾದರ್‌ನಿಂದ ಸ್ಲೋ ಲೋಕಲ್ ಹಿಡಿದು ಮಾಟುಂಗಾ ದಾಟಿ ಸಯನ್‌ನಲ್ಲಿ ಇಳಿದೆವು. ಬೆಳಗಿನ ಗರ್ದಿಯೆಲ್ಲ ಎದುರು ದಿಕ್ಕಿಗಿದ್ದುದರಿಂದ ಲೇಡಿಸ್ ಡಬ್ಬಿಯಲ್ಲಿ ಕೂರಲು ಜಾಗ ಸಿಕ್ಕಿತು. ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ ಚಿಗವ್ವನ ಮನೆ. ನಮ್ಮ ಅವ್ವನ ತಂಗಿ ಮದುವೆಯಾಗಿ ಬಂದಾಗಿನಿಂದ ಅದೇ ಮನೆಯಲ್ಲಿದ್ದಾಳೆ. ಕಾಕಾ ತೀರಿಕೊಂಡ ಮೇಲೆ ಒಬ್ಬಳೇ. ಹಳೆಯ ಬಿಲ್ಡಿಂಗ್, ನೆಲಮಹಡಿಯ ಹಿಂಬದಿಯ ಮನೆ, ಮೂರು ಕಡೆಗೂ ಬೇರೆ ಬಿಲ್ಡಿಂಗ್‌ಗಳ ಗೋಡೆ. ಮಧ್ಯಾಹ್ನವೂ ದೀಪ ಹಾಕಬೇಕು. ರೊಟ್ಟಿ, ಝುಣಕ ಬಡಿಸುತ್ತಾ ಚಿಗವ್ವ ಮರುದಿನದ ಕಾರ್ಯಕ್ರಮ ಕೇಳಿದಳು. ಭಾನುವಾರ ಹನ್ನೊಂದಕ್ಕೆ ಮಹಾಂತೇಶನ ಮನೆಗೆ, ಸಂಜೆ ದಾದರ್‌ನಿಂದ ವಾಪಸ್ ಗಾಡಿ. ಅವನ ತಾಯಿಯ ಜೊತೆ ನಾನು ಎರಡು ಸಲ ಫೋನಿನಲ್ಲಿ ಮಾತಾಡಿದ್ದೆ. ಹಿತವಾಗಿಯೇ ಮಾತಾಡಿದ್ದರು; ಸುಮಾಳ ಕಿವಿಯ ವಿಷಯ ಅವರಿಗೆ ಗೊತ್ತಿದೆಯೆಂದೇ ನಾನು ತಿಳಿದಿದ್ದೆ.

ಸಂಜೆ ಮಹಾಂತೇಶನ ಕಾಲ್ ಬಂತು. ಸುಮಾ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಮುಖಕ್ಕೆ ಬೆಳಕು ಬೀಳುವಂತೆ ಕುಳಿತಳು. ಅವನ ಕೈ ಎರಡು ಸಲ ಆಡಿತು, ನಿಂತಿತು. ಚಿತ್ರ ಚೌಕ ಚೌಕವಾಗಿ ಒಡೆದು, ಮತ್ತೆ ಬಂದು, ಮತ್ತೆ ನಿಂತಿತು. ನಮಗಾದರೆ ಫೋನ್ ಕಡಿದುಹೋದಾಗ ಹಲೋ ಹಲೋ ಎನ್ನಬಹುದು. ಸುಮಾಳ ಎದುರಿಗಿದ್ದದ್ದು ಅವನ ಕಳೆಗುಂದಿದ ಮುಖ ಮತ್ತು ಅರ್ಧಕ್ಕೆ ಎತ್ತಿದ ಅಂಗೈ.

"ಇಲ್ಲಿ ಯಾರ ಫೋನೂ ಹಿಂಗ. ಕಿಡಕಿಯಾಗ ಮಾರಿ ಹಾಕಿ ಮಾತಾಡಬೇಕು," ಎಂದಳು ಚಿಗವ್ವ.

ಕಿಟಕಿಯಲ್ಲಿ ಫೋನ್ ಹಿಡಿದರೆ ಸುಮಾಳ ಒಂದು ಕೈ ಅದಕ್ಕೇ ಹೋಗುತ್ತಿತ್ತು. ನಾನು ಹಿಡಿದು ನಿಂತೆ. ಚಿತ್ರ ಅಲ್ಲೂ ನಿಲ್ಲಲಿಲ್ಲ. ಕಾಲ್ ಕಡಿದು, ಅವನಿಂದ ಒಂದು ಮೆಸೇಜು ಬಂತು: "ಟುಮಾರೋ ಹೋಮ್ ನೋ ಕಮ್. ಮದರ್ ಸ್ಯಾಡ್."

ಸುಮಾ ಅದನ್ನು ನನಗೆ ತೋರಿಸಲಿಲ್ಲ. ಎದ್ದು ಹೋಗಿ, ಮರುದಿನಕ್ಕೆಂದು ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಹಾಕಿದ್ದ ಸೀರೆಯನ್ನು ಮಡಚಿ ಚೀಲದೊಳಗಿಟ್ಟಳು. ನಾನು ಕೇಳಿದ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟಳು.

"ತಾಳು, ಅವರ ತಾಯಿಗೆ ನಾನ ಫೋನ್ ಮಾಡಿ ಕೇಳತೀನಿ," ಎಂದು ಕೈಯಲ್ಲಿ ಹೇಳಿದೆ.

ಅವಳು ನನ್ನ ಮಣಿಕಟ್ಟು ಹಿಡಿದಳು. "ಬ್ಯಾಡ. ನೀವಿಬ್ಬರು ಬಾಯಿಲೆ ಮಾತಾಡಿ ಮುಗಿಸಿಬಿಡತೀರಿ. ನನಗ ಆಮ್ಯಾಲ ಬರೇ ಹೂಂ ಅಥವಾ ಉಹೂಂ ಅಂತ ಹೇಳತೀರಿ. ಅವನ ಹೇಳಲಿ. ನಾನು ನೋಡಬೇಕು."

ಚಿಗವ್ವನ ಮನೆಯಲ್ಲಿ ವೈಫೈ ಇರಲಿಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದೆವು, ಏರೋಪ್ಲೇನ್ ಮೋಡ್ ಹಾಕಿ ತೆಗೆದೆವು. ಆಗ ಸುಮಾ ನನ್ನ ಫೋನನ್ನು ತನ್ನದರ ಪಕ್ಕದಲ್ಲಿಟ್ಟು ನೋಡುತ್ತಾ ಕುಳಿತಳು. ನನ್ನದು ಹಳೆಯದು, ಮುಂದಿನ ಕ್ಯಾಮೆರಾ ಕೆಟ್ಟು ವಿಡಿಯೊಗೆ ಬಾರದ್ದು. ಸಿಮ್ ಮಾತ್ರ ಇಬ್ಬರದೂ ಒಂದೇ ಕಂಪನಿಯದು. ನನ್ನ ಫೋನಿನಲ್ಲಿ ಫೋರ್ ಜಿ ಎಂದು ಬರೆದು ಮೂರು ಕಡ್ಡಿ ನೆಟ್ಟಗೆ ನಿಂತಿದ್ದವು. ಅವಳ ಹೊಸ ಫೋನಿನಲ್ಲಿ ಫೈವ್ ಜಿ ಎಂದು ಬಂದು, ಒಂದು ಕಡ್ಡಿ ಮೂಡಿ, ಅಳಿಸಿಹೋಗಿ, ಫೋರ್ ಜಿ ಆಗಿ, ಮತ್ತೆ ಫೈವ್ ಜಿ ಆಗುತ್ತಿತ್ತು.

"ಇದು ಒಂದ ಕಡೆ ನಿಂದರವಲ್ದು," ಎಂದಳು ಸುಮಾ. "ಸಿಗದಿದ್ದದ್ದನ್ನ ಹುಡುಕೋದರಾಗ ಸಿಕ್ಕದ್ದನ್ನ ಬಿಡಾಕತ್ತೈತಿ."

ಸೆಟ್ಟಿಂಗ್ಸ್ ತೆರೆದು, ಮೊಬೈಲ್ ನೆಟ್‌ವರ್ಕ್, ಅದರೊಳಗೆ ಸಿಮ್, ಅದರೊಳಗೆ 'ಪ್ರಿಫರ್ಡ್ ನೆಟ್‌ವರ್ಕ್ ಟೈಪ್' ಎಂಬಲ್ಲಿಗೆ ಹೋದಳು. ಫೈವ್ ಜಿಯಿಂದ ಟೂ ಜಿವರೆಗೆ ಎಲ್ಲ ಸೇರಿದ ಆಟೋ ಎಂಬ ಸಾಲಿಗೆ ಗುರುತು ಬಿದ್ದಿತ್ತು. ಊರಲ್ಲಿ ಅದರಿಂದ ಏನೂ ತೊಂದರೆ ಆಗಿರಲಿಲ್ಲ. ಅವಳು ಅದರ ಕೆಳಗಿನ, ಫೋರ್ ಜಿಯಿಂದ ಶುರುವಾಗುವ ಸಾಲನ್ನು ಒತ್ತಿದಳು. ಫೋನ್ ಒಂದು ಗಳಿಗೆ ನೆಟ್‌ವರ್ಕ್ ಇಲ್ಲದೆ ಖಾಲಿಯಾಯಿತು. ಆಮೇಲೆ ಮೂರು ಕಡ್ಡಿ ಬಂದು ನಿಂತವು.

ಕಾಲ್ ಮಾಡಿದಳು. ಮಹಾಂತೇಶ ತಕ್ಷಣ ತೆಗೆದ. ಈಗ ಅವನ ಬೆರಳು ಒಂದೊಂದೂ ಕಾಣುತ್ತಿತ್ತು. ನಾನು ಎದ್ದು ಹೋಗಲು ನೋಡಿದೆ, ಸುಮಾ ಕೂರಿಸಿದಳು.

ಅವನು ಹೇಳಿದ್ದು ಇಷ್ಟು. ತಾಯಿಗೆ ಕಿವಿ ಕೇಳುವ ಸೊಸೆ ಬೇಕಿತ್ತು. ಹೆದರಿಕೆಯಿಂದ ಅವನು ಸುಮಾಳ ಬಗ್ಗೆ ಆ ಒಂದು ಸಂಗತಿ ಬಿಟ್ಟು ಉಳಿದೆಲ್ಲವನ್ನೂ ಹೇಳಿದ್ದ. ಆ ದಿನ ಮಧ್ಯಾಹ್ನ ಹೇಳಿದ್ದಾನೆ. ತಾಯಿ ಅಳುತ್ತಾ ಮಲಗಿದ್ದಾರೆ. ಮನೆಗೆ ಬಂದರೆ ನೆಂಟರೆಲ್ಲ ಸೇರಿ ಅಲ್ಲೇ ಬೇಡವೆಂದುಬಿಡುತ್ತಾರೆ. ಘಾಟ್ಕೋಪರ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿಗೆ ಬನ್ನಿ, ತಾಯಿಯನ್ನು ನಾನು ಕರೆತರುತ್ತೇನೆ ಎಂದ.

"ನನ್ನ ಮುಚ್ಚಿಟ್ಟಿದ್ದಿ," ಎಂದಳು ಸುಮಾ.

"ಹೌದು."

"ಒಂದು ವರ್ಷ."

"ಹೌದು. ತಪ್ಪಾತು."

ಅವಳು ಬಹಳ ಹೊತ್ತು ಅವನನ್ನೇ ನೋಡಿದಳು. ಚಿತ್ರ ನಿಂತುಹೋಯಿತೇನೋ ಎಂದುಕೊಂಡು ಅವನು ಪರದೆಯ ಮುಂದೆ ಕೈ ಬೀಸಿದ. "ಕಾಣತೈತಿ," ಎಂದಳು ಸುಮಾ. "ನಾಳೆ ಬರತೀನಿ. ನಿಮ್ಮವ್ವ ಏನ್ ಕೇಳತಾರೋ ನನ್ನ ಕೇಳಲಿ." ಆಮೇಲೆ ಸೀರೆಯನ್ನು ಚೀಲದಿಂದ ತೆಗೆದು ಕೊಡವಿ ಮತ್ತೆ ಕುರ್ಚಿಯ ಮೇಲೆ ಹಾಕಿದಳು.

ಭಾನುವಾರ ಮೆಗಾಬ್ಲಾಕ್. ಹಳಿ ರಿಪೇರಿಗೆಂದು ಲೋಕಲ್‌ಗಳನ್ನು ಕಡಿಮೆ ಮಾಡಿದ್ದರು. ಸಯನ್‌ನಲ್ಲಿ ಬಹಳ ಹೊತ್ತು ಕಾದು ಹತ್ತಿದ ಗಾಡಿಯಲ್ಲಿ ಇಬ್ಬರ ಕೈಗಳೂ ಮೈಗೆ ಅಂಟಿಕೊಂಡಿದ್ದವು. ಕುರ್ಲಾ ಬಂತು, ಹೋಯಿತು. ಕೈ ಎತ್ತಲು ಜಾಗವಿಲ್ಲದೆ ಘಾಟ್ಕೋಪರ್‌ವರೆಗೆ ಸುಮಾ ಒಂದೂ ಮಾತಾಡಲಿಲ್ಲ. ಇಳಿದ ಮೇಲೆ ಮೊದಲು ಹೇಳಿದ್ದು, "ಸೀರಿ ಕೆಟ್ಟತಲ್ಲ."

ಹೋಟೆಲಿನಲ್ಲಿ ಮಹಾಂತೇಶ ಮತ್ತು ಅವನ ತಾಯಿ ಆಗಲೇ ಬಂದು ಕುಳಿತಿದ್ದರು. ತಾಯಿ ಬಡಕಲು ಮೈಯವರು, ಕಣ್ಣು ಬಾತಿದ್ದವು. ಮಾಣಿ ಬಂದು, "ಎಂತ ಕೊಡಲಿ?" ಎಂದ. ನಾನೇ ಮಸಾಲೆ ದೋಸೆ, ಕಾಫಿ ಹೇಳಿದೆ.

ತಾಯಿ ಸುಮಾಳನ್ನು ನೋಡದೆ ನನ್ನನ್ನೇ ನೋಡಿ ಮಾತಾಡಿದರು. "ತಂಗಿ, ನಾ ಕೆಟ್ಟಾಕಿ ಅಲ್ಲ. ಒಬ್ಬಗ ಕೇಳೂದಿಲ್ಲ ಅಂದ್ರ ಇನ್ನೊಬ್ರಿಗೆ ಕೇಳಬೇಕಲ್ಲವಾ? ನಾಳೆ ಕೂಸು ಆಗತೈತಿ. ರಾತ್ರಿ ಅತ್ತರ ಯಾರು ಏಳಬೇಕು?"

ನಾನು ಕೈಯಲ್ಲಿ ಅದನ್ನು ಸುಮಾಳಿಗೆ ಹೇಳಿದೆ. ಅವಳು ತಾಯಿಯ ಕಡೆಗೇ ತಿರುಗಿ ಉತ್ತರಿಸಿದಳು. ನಾನು ಬಾಯಿಂದ ಹೇಳಿದೆ: "ಅವ್ವಾರ, ಅಕಿ ಹೇಳತಾಳ್ರಿ, ಕೂಸಿನ ಎದಿ ಮ್ಯಾಲ ಕೈ ಇಟಗೊಂಡು ಮಲಗತೀನಿ, ಅತ್ತರ ಕೈಗೆ ಗೊತ್ತಾಗತೈತಿ ಅಂತ. ಇಬ್ಬರಿಗೂ ಕೇಳದ ಜೋಡಿ ನಮ್ಮೂರಾಗ ಅದಾರ, ಅವರ ಮಕ್ಕಳು ಸಾಲಿಗೆ ಹೋಗಾಕತ್ತಾರ ಅಂತ."

ದೋಸೆ ಬಂತು. ತಿನ್ನುತ್ತಾ ತಿನ್ನುತ್ತಾ ಸುಮಾ ಮತ್ತು ಮಹಾಂತೇಶ ತಮ್ಮ ಪಾಡಿಗೆ ಮಾತಿಗಿಳಿದರು. ಮೊದಲು ಹಿಂದಿನ ದಿನದ ಜಗಳದ ಬಾಕಿ. ಆಮೇಲೆ ಅವನ ಆಫೀಸಿನ ಸಾಹೇಬ ಟೈಪ್ ಮಾಡುವ ರೀತಿ, ಅವನು ಲೋಕಲ್‌ನಲ್ಲಿ ಕಳಕೊಂಡ ಛತ್ರಿಗಳು. ಮಹಾಂತೇಶ ಛತ್ರಿ ಬಿಚ್ಚುವವನಂತೆ, ಅದು ಗಾಳಿಗೆ ಉಲ್ಟಾ ಆದಂತೆ, ಪಕ್ಕದವನ ಮೂಗಿಗೆ ತಾಗಿದಂತೆ ಮಾಡಿ ತೋರಿಸಿದ. ಸುಮಾ ನಕ್ಕು ನಕ್ಕು ಕಾಫಿ ಕೆಳಗಿಟ್ಟಳು.

ತಾಯಿ ತಿನ್ನುವುದನ್ನು ಬಿಟ್ಟು ಮಗನ ಕೈಗಳನ್ನೇ ನೋಡುತ್ತಿದ್ದರು. "ಏನ್ ಹೇಳಾಕತ್ತಾನ?" ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರು ನಗಲಿಲ್ಲ.

"ಮನ್ಯಾಗ ನಾವು ಊಟ, ನೀರು, ಅಂಗಡಿ, ಇಷ್ಟ ತೋರಸತೀವಿ. ಅವನೂ ಇಷ್ಟ ತೋರಸತಾನ," ಎಂದರು. "ನನ್ನ ಮಗ ಇಷ್ಟು ಮಾತಾಡತಾನ ಅಂತ ನನಗ ಗೊತ್ತ ಇರಲಿಲ್ಲವಾ."

ಈ ಮಾತನ್ನು ಸುಮಾಳಿಗೆ ಹೇಳಲೇ ಎಂದು ಯೋಚಿಸುವಷ್ಟರಲ್ಲಿ ಅವಳೇ ನನ್ನ ಮುಖ ನೋಡಿ ಕೇಳಿದಳು. ಹೇಳಿದೆ. ಅವಳು ಮಹಾಂತೇಶನಿಗೆ ಹೇಳಿದಳು. ಅವನು ತಲೆ ತಗ್ಗಿಸಿದ.

ಬಿಲ್ಲನ್ನು ತಾಯಿಯೇ ಕೊಟ್ಟರು. ಹೊರಗೆ ಬಂದು ಚಪ್ಪಲಿ ಸರಿಮಾಡಿಕೊಳ್ಳುತ್ತಾ, "ಮನಿ ಇಲ್ಲೇ ಐತಿ. ಚಾ ಕುಡದು ಹೋಗ್ರಿ," ಎಂದರು. ಮದುವೆಗೆ ಹೂಂ ಎಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮನೆಯಲ್ಲಿ ನೆಂಟರಿದ್ದರು. ತಾಯಿ ಅವರೆಲ್ಲರ ಮುಂದೆ ಸುಮಾಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಅಂಗಡಿಯಿಂದ ಬಂದ ತಂದೆ, ಮುಂದಿನ ತಿಂಗಳು ತಾವೇ ಧಾರವಾಡಕ್ಕೆ ಬರುವುದಾಗಿ ಹೇಳಿದರು.

ಸಂಜೆ ದಾದರ್‌ಗೆ ಮಹಾಂತೇಶನ ಜೊತೆ ತಾಯಿಯೂ ಬಂದರು. ನಮ್ಮದು ಎಸಿ ಡಬ್ಬಿ, ಕಿಟಕಿಗೆ ದಪ್ಪ ಗಾಜು. ಕಳಿಸಲು ಬಂದವರೆಲ್ಲ ಗಾಜಿನಾಚೆಯಿಂದ ಬಾಯಿ ಆಡಿಸಿ, ಕೇಳುವುದಿಲ್ಲವೆಂದು ಗೊತ್ತಾಗಿ ಸುಮ್ಮನೆ ನಿಂತಿದ್ದರು. ಸುಮಾ ಒಳಗಿನಿಂದ, ಮಹಾಂತೇಶ ಹೊರಗಿನಿಂದ ಮಾತಾಡುತ್ತಲೇ ಇದ್ದರು. ಗಾಡಿ ಅಲುಗಿದ ಮೇಲೂ ಅವನು ಪಕ್ಕದಲ್ಲೇ ನಡೆಯುತ್ತಾ ಏನೋ ಹೇಳುತ್ತಿದ್ದ, ಇವಳು ಉತ್ತರಿಸುತ್ತಿದ್ದಳು. ಪ್ಲಾಟ್‌ಫಾರ್ಮ್ ಮುಗಿಯುವ ಮುಂಚೆ ನಾನು ಹಿಂತಿರುಗಿ ನೋಡಿದೆ. ತಾಯಿ ಮಗನ ತೋಳು ಹಿಡಿದು ನಿಲ್ಲಿಸಿ, ಅವನು ಈಗಷ್ಟೇ ಮಾಡಿದ ಸನ್ನೆಯೊಂದನ್ನು ತಮ್ಮ ಕೈಯಲ್ಲಿ ತಪ್ಪುತಪ್ಪಾಗಿ ಮಾಡಿ, ಇದು ಏನು ಎಂದು ಕೇಳುತ್ತಿದ್ದರು.