ಅಂಜುಬುರುಕ ಮ್ಯಾನೇಜರರ ಪದವಿ

ಶಿವಶರಣಪ್ಪ ಸರ್ ಅವರ ಕೈಯಲ್ಲಿ ಚಹದ ಬಸಿ ಎಂದೂ ಸುಮ್ಮನೆ ಇದ್ದದ್ದಿಲ್ಲ. ಮೇಲಿನ ಕಪ್ಪು ಸಣ್ಣಗೆ ಕಟಕಟ ಎನ್ನುತ್ತಲೇ ಇರುತ್ತಿತ್ತು. ಆರಡಿ ಎತ್ತರದ ಆಳು, ಪೈಲ್ವಾನರಂಥ ಮೈ, ತುದಿ ತಿರುವಿದ ಮೀಸೆ. ಇಂಡಿ ಪಟ್ಟಣದ ಬಸ್ ಸ್ಟ್ಯಾಂಡ್ ಎದುರಿಗಿದ್ದ ನಮ್ಮ ಲಾಡ್ಜಿಗೆ ಹೊಸದಾಗಿ ಬಂದವರು ಕೌಂಟರಿನ ಹಿಂದೆ ಕೂತ ಮ್ಯಾನೇಜರರನ್ನು ಕಂಡು ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ಆ ಮನುಷ್ಯ ತಮಗಿಂತ ಹೆಚ್ಚು ಅಂಜಿದ್ದಾನೆ ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ.

ಗುಡುಗಿಗೆ ಅಂಜುತ್ತಿದ್ದರು. ಫೋನು ಹೊಡೆದುಕೊಂಡರೆ ಅಂಜುತ್ತಿದ್ದರು. ಮಾಲೀಕರು ಹೊರಗೆ ಚಪ್ಪಲಿ ಬಿಡುವ ಸಪ್ಪಳಕ್ಕೇ ಎದ್ದು ನಿಂತುಬಿಡುತ್ತಿದ್ದರು. ಖಾಲಿ ಕೋಣೆಯೊಳಗೆ ಹೋಗುವಾಗಲೂ ಬಾಗಿಲು ಬಡಿದು, ಒಂದು ಕ್ಷಣ ಕಾದು, ಆಮೇಲೆ ಒಳಗೆ ಕಾಲಿಡುತ್ತಿದ್ದರು. ಒಮ್ಮೆ ನಾನು ನಕ್ಕಾಗ, "ನಗಬ್ಯಾಡ ತಂಗಿ. ಲಾಡ್ಜಿನ ಬಾಗ್ಲಾ ಅಂದ್ರ ದವಾಖಾನಿ ಬಾಗ್ಲಾ ಇದ್ದಂಗ. ಒಳಗ ಏನೈತೋ ಯಾಂವ ಬಲ್ಲ" ಅಂದರು.

ನಾನು ಅಲ್ಲಿ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ. ಬಿ.ಎ. ಮುಗಿಸಿ, ಟೈಪಿಂಗ್ ಕಲಿತು ಸುಮ್ಮನೆ ಕೂತಿದ್ದೆ. ಲಾಡ್ಜಿನ ಕೌಂಟರಿನಲ್ಲಿ ಹೆಣ್ಣುಮಗಳು ಕೂರುವುದೆಂದರೆ ಆಗ ಇಂಡಿಯಲ್ಲಿ ಮಾತಾಡಿಕೊಳ್ಳುವ ಸಂಗತಿ. ಅವ್ವ ಮೊದಲ ದಿನ ಮುಖ ತಿರುಗಿಸಿಕೊಂಡೇ ಬುತ್ತಿ ಕಟ್ಟಿಕೊಟ್ಟಿದ್ದಳು. ನನಗೂ ಅಂಜಿಕೆಯಿತ್ತು. ಫೋನು ಹೊಡೆದುಕೊಂಡಿತು, ಎತ್ತಲಾಗಲಿಲ್ಲ. ಶಿವಶರಣಪ್ಪ ಸರ್ ತಾವೂ ಅದನ್ನೇ ನೋಡುತ್ತ ಕೂತರು. ಅದು ಹೊಡೆದು ಹೊಡೆದು ಸುಮ್ಮನಾದ ಮೇಲೆ ಉಸಿರು ಬಿಟ್ಟು, "ಅಂಜಿಕಿ ಹೋದ ಮ್ಯಾಲೆ ಎತ್ತತೇನಿ ಅಂದ್ರ ಜನ್ಮದಾಗ ಎತ್ತೂದಿಲ್ಲ ನೀ. ಅಂಜಿಕೋತನ ಎತ್ತಬೇಕು. ನಾ ಹಂಗ ಎತ್ತಕೋತ ಬಂದೇನಿ" ಅಂದರು. ಮುಂದಿನ ಕರೆಯನ್ನು ನಾನು ಎತ್ತಿದೆ.

ಅವರು ಮುದ್ದೇಬಿಹಾಳದ ಕಡೆಯವರು. ಅಲ್ಲಿಯೇ ಬಿ.ಕಾಂ. ಓದಿ, ಚಿಕ್ಕ ವಯಸ್ಸಿಗೇ ಲಾಡ್ಜಿನ ಕೆಲಸಕ್ಕೆ ಬಿದ್ದವರು. ಮದುವೆಯಾಗಿರಲಿಲ್ಲ. ಎರಡು ಕಡೆ ಮಾತುಕತೆ ನಡೆದು, "ಹುಡುಗ ಲಾಡ್ಜಿನಾಗ ಇರ್ತಾನಂತ" ಎಂಬ ಒಂದೇ ಮಾತಿಗೆ ಮುರಿದುಬಿದ್ದಿತ್ತಂತೆ. ಇದನ್ನು ಅವರು ಯಾರ ಮೇಲೂ ಸಿಟ್ಟಿಲ್ಲದೆ ಹೇಳುತ್ತಿದ್ದರು. ಆದರೆ ಗಿರಾಕಿಯೊಬ್ಬ ಬಿಟ್ಟುಹೋದ ಇಂಗ್ಲಿಷ್ ಪೇಪರಿನಲ್ಲಿ ಒಂದು ಜಾಹೀರಾತು ಕಂಡ ದಿನ ಅವರ ಮುಖ ನೋಡಬೇಕಿತ್ತು. ಪರದೇಶದ ಒಂದು ವಿಶ್ವವಿದ್ಯಾಲಯ ಕೆಲಸದಲ್ಲಿರುವವರಿಗೆ ಕಂಪ್ಯೂಟರಿನಲ್ಲಿಯೇ ಪಾಠ ಹೇಳಿ ಹಾಸ್ಪಿಟಾಲಿಟಿ ಮ್ಯಾನೇಜ್‌ಮೆಂಟಿನಲ್ಲಿ ಸ್ನಾತಕೋತ್ತರ ಪದವಿ ಕೊಡುತ್ತದೆ ಎಂದಿತ್ತು.

"ತಂಗಿ, ಬಂದವ್ರನ್ನ ಇಳಿಸ್ಕೋಳೂದು, ಉಣಸೂದು, ಹಾಸಿಗಿ ಕೊಡೂದು, ಇದಕ್ಕೂ ಎಂ.ಎ. ಇದ್ದಂಗ ಒಂದು ಐತಂತಲ್ಲ! ಹಂಗಾರ ನಾವು ಮಾಡೂದು ಒಂದು ವಿದ್ಯಾನ ಆತಲ್ಲ?"

ಆ ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ಅಷ್ಟರಲ್ಲಿ ಅಂಜಿಕೆ ಬಂತು. ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ವಯಸ್ಸು ನಲವತ್ತರ ಹತ್ತಿರ, ಮಾಲೀಕರಿಗೆ ಗೊತ್ತಾದರೆ ನಗುತ್ತಾರೆ. ಹೀಗೆ ಅಂಜುತ್ತ ಅಂಜುತ್ತಲೇ ಹೆಸರು ಹಚ್ಚಿಬಿಟ್ಟರು.

ವಾರಕ್ಕೊಮ್ಮೆ ಸಂಜೆ ಪಾಠ. ಬಸ್ ಸ್ಟ್ಯಾಂಡಿನ ಪಕ್ಕದ ಸೈಬರ್ ಕೆಫೆಯಲ್ಲಿ ಪ್ಲೈವುಡ್ಡಿನ ಗೂಡೊಂದರಲ್ಲಿ ಮೈ ತುರುಕಿಕೊಂಡು ಅವರು ಕೂರುತ್ತಿದ್ದರು. ಒಂದೇ ಬೆರಳಿನಿಂದ ಟೈಪು ಮಾಡುತ್ತಿದ್ದುದರಿಂದ ನನ್ನನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಕಲಿಸುವ ಮೇಡಂ ಸಾವಿರಾರು ಮೈಲಿಗಳಾಚೆ ಕೂತು ಮೆಲ್ಲಗೆ ಮಾತಾಡುತ್ತಿದ್ದರು. ಮೊದಲ ಸಲ ಅವರು "ಮಿಸ್ಟರ್ ಶಿವಾ" ಎಂದು ಹೆಸರು ಕೂಗಿದಾಗ ನಮ್ಮ ಸರ್ ಸಾಲಿಯ ಹುಡುಗನಂತೆ ದಡಕ್ಕನೆ ಎದ್ದು ನಿಂತುಬಿಟ್ಟರು. ಹೆಡ್‌ಫೋನಿನ ವಯರು ಕಿತ್ತುಬಂತು, ಕುರ್ಚಿ ಹಿಂದಕ್ಕೆ ಬಿತ್ತು. ಮೇಡಂಗೆ ಇದೊಂದೂ ಕಾಣದು. ಅವರು ಮತ್ತೆ ಮತ್ತೆ ಕರೆಯುತ್ತಲೇ ಇದ್ದರು. ಇವರು ನಿಂತಲ್ಲೇ ಪರದೆಗೆ ಕೈ ಮುಗಿದು, "ಯೆಸ್ ಮೇಡಂ, ಯೆಸ್ ಮೇಡಂ" ಎನ್ನುತ್ತಿದ್ದರು. ಆಮೇಲೂ ಅವರು ಕೂತು ಉತ್ತರ ಹೇಳಿದ್ದನ್ನು ನಾನು ಕಂಡಿಲ್ಲ. ವಯರಿಗೆ ಎಟಕುವಷ್ಟು ಮಾತ್ರ ಬಗ್ಗಿ ನಿಲ್ಲುವುದನ್ನು ಕಲಿತರು.

ಎರಡನೆಯ ವರ್ಷ ಒಂದು ಪ್ರಬಂಧ ಬರೆಯಬೇಕಾಯಿತು. ಬಾಗಿಲಿಗೆ ಬಂದವರಿಗೆ ಸಕಾರಣವಿಲ್ಲದೆ ಕೋಣೆ ಇಲ್ಲ ಅನ್ನಬಾರದು, ಒಳಗೆ ಇಳಿದವರ ಸುದ್ದಿಯನ್ನು ಹೊರಗಿನವರಿಗೆ ಹೇಳಬಾರದು, ಇವು ಆ ವಿದ್ಯೆಯ ಮೊದಲ ಪಾಠಗಳು. ಸರ್ ಪುಸ್ತಕ ನೋಡಿ ಚೆನ್ನಾಗಿಯೇ ಬರೆದರು. ಮೇಡಂ ಅದರ ಕೆಳಗೆ, ಪುಸ್ತಕದ ಮಾತನ್ನು ಸರಿಯಾಗಿ ಹೇಳಿದ್ದೀರಿ, ಆದರೆ ನಿಮ್ಮ ಕೌಂಟರಿನಲ್ಲಿ ನೀವು ಏನು ಮಾಡುತ್ತೀರಿ ಎಂದು ಕೇಳಿದ್ದರು. ನಾನು ಕನ್ನಡದಲ್ಲಿ ಓದಿ ಹೇಳಿದಾಗ ಸರ್ ಅವರ ಮುಖ ಬಿಳಚಿಕೊಂಡಿತು. ಒಬ್ಬಂಟಿ ಹೆಂಗಸರಿಗೆ ಕೋಣೆ ಕೊಡಕೂಡದು ಎಂಬುದು ನಮ್ಮ ಮಾಲೀಕರ ಕಟ್ಟಪ್ಪಣೆ. ಅಂಥವರು ಬಂದಾಗ ಸರ್ ತಲೆ ಎತ್ತದೆ "ರೂಮ್ ಇಲ್ಲರೀ" ಅಂದು ಕಳಿಸುತ್ತಿದ್ದರು. "ಆಕೀಗೆ ಹೆಂಗ್ ಗೊತ್ತಾತು ತಂಗಿ?" ಎಂದು ಆ ಇಡೀ ವಾರ ನನ್ನನ್ನು ಕೇಳಿದರು.

ಆ ಬೇಸಿಗೆಯಲ್ಲೇ ಒಂದು ಬೆಳಿಗ್ಗೆ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಂದಳು. ಕೈಯಲ್ಲಿ ಒಂದು ರೆಗ್ಜಿನ್ ಚೀಲ. ಸೀರೆಯ ಅಂಚೆಲ್ಲ ಧೂಳು.

"ಒಂದ್ ರೂಮ್ ಬೇಕಾಗಿತ್ರಿ. ಮೈ ತೊಳಕೊಂಡು ಒಂದೀಟ ಅಡ್ಡಾಗ್ತೇನಿ. ಸಂಜೀ ಬಸ್ಸಿಗೆ ಹೊಂಡ್ತೇನಿ."

ಸರ್ ಬಾಯಿ ತೆರೆದರು. ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಬಾಗಿಲ ಕಡೆ ನೋಡಿದರು, ಆಮೇಲೆ ಕೀಲಿಕೈ ತೆಗೆದು ಕೌಂಟರಿನ ಮೇಲೆ ಇಟ್ಟರು. ಒಂದೇ ಬೆರಳಿನಿಂದ ಅದನ್ನು ಆಕೆಯ ಮುಂದಕ್ಕೆ ತಳ್ಳಿದರು.

ಆಕೆ ಮೇಲೆ ಹೋದದ್ದೇ ತಡ, ಅಂಜಿಕೆ ಕಟ್ಟೆಯೊಡೆಯಿತು. "ತಂಗಿ, ಆಕೀ ಮಾರಿ ನೋಡಿದೇನು? ರಾತ್ರೆಲ್ಲಾ ಅತ್ತಂಗಿತ್ತು. ಮ್ಯಾಲ ಫ್ಯಾನ್ ಐತಿ. ಏನರೆ ಮಾಡ್ಕೊಂಡಳಂದ್ರ? ಹೋಗವಾ, ನೀರು ಕೊಟ್ಟು ಬಾ. ಮಾರಿ ನೋಡಿ ಬಾ."

ನಾನು ಹೋಗಿ ಬಾಗಿಲು ಬಡಿದೆ. ಒಳಗಿನಿಂದ ಸಪ್ಪಳವಿಲ್ಲ. ಮತ್ತೆ ಬಡಿದೆ. ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗಿಟ್ಟು ಬಾಗಿಲಿಗೆ ಕಿವಿ ಹಚ್ಚಿದೆ. ಸರ್ ಅವರ ಅಂಜಿಕೆ ಆ ಕ್ಷಣದಲ್ಲಿ ಪೂರ್ತಿ ನನಗೆ ಹತ್ತಿಕೊಂಡಿತು. ಕೂಗಬೇಕೆನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಆಕೆ ತಲೆ ತೊಳೆದುಕೊಂಡು, ಒದ್ದೆ ಕೂದಲಿಗೆ ಟವೆಲ್ಲು ಸುತ್ತಿ ನಿಂತಿದ್ದಳು.

ನನ್ನ ಮುಖ ನೋಡಿ ಆಕೆಯೇ ಕೂರಿಸಿಕೊಂಡು ಹೇಳಿದಳು. ಹೆಸರು ಸಾವಿತ್ರಿ, ಸಿಂದಗಿ ಕಡೆಯ ಹಳ್ಳಿ. ನರ್ಸಿಂಗ್ ಕಲಿತಿದ್ದಾಳೆ. ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ, ಮರುದಿನ ಹಾಜರಾಗಬೇಕು. ಅಣ್ಣಂದಿರು ಒಬ್ಬ ಎರಡನೆಯ ಮದುವೆಯವನಿಗೆ ಕೊಡಲು ನಿಶ್ಚಯಿಸಿ, ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ನಸುಕಿನಲ್ಲಿ ಹಾಲಿನ ಗಾಡಿ ಹತ್ತಿ ಬಂದುಬಿಟ್ಟಿದ್ದಾಳೆ. "ಹಗಲಿನಾಗ ಬಸ್ ಸ್ಟ್ಯಾಂಡಿನಾಗ ನಿಂತ್ರ ಕಾಣ್ತೇನಿ. ಅದಕ್ಕ ಇಲ್ಲಿ ಬಂದೆ" ಅಂದಳು.

ನಾನು ಕೆಳಗಿಳಿದು ಸರ್‌ಗೆ ಹೇಳಿದೆ. ಸಾಯಲು ಬಂದವಳಲ್ಲ ಎಂದು ತಿಳಿದು ಅವರ ಮುಖ ಅರಳಿತು. ಅಣ್ಣಂದಿರ ಮಾತು ಬರುತ್ತಲೇ ಮತ್ತೆ ಬಾಡಿತು.

ಊಟದ ಹೊತ್ತಿಗೆ ಜೀಪು ಬಂತು. ಮೂವರು ಇಳಿದರು. ದೊಡ್ಡವನು ಕೌಂಟರಿನ ಮೇಲೆ ಎರಡೂ ಕೈ ಊರಿ, "ಒಬ್ಬಾಕಿ ಹುಡುಗಿ ಬಂದಾಳೇನ್ ಇಲ್ಲಿ?" ಅಂದ.

ಸರ್ ರಿಜಿಸ್ಟರ್ ಮುಚ್ಚಿ ಎದ್ದು ನಿಂತರು. "ಇಳದವ್ರ ಸುದ್ದಿ ನಾವು ಹೊರಗ ಹೇಳಾಂಗಿಲ್ರಿ."

"ಅಂದ್ರ ಅದಾಳ ಅಂದಂಗಾತು."

"ಅದಾಳಂತನೂ ಹೇಳಾಂಗಿಲ್ರಿ, ಇಲ್ಲಂತನೂ ಹೇಳಾಂಗಿಲ್ರಿ. ರೂಲ್ ಐತ್ರಿ."

"ಯಾವನ ರೂಲಲೇ ಅದು?"

"ನಾ ಓದಾಕತ್ತೇನ್ರಿ" ಅಂದರು ಸರ್.

ಆ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂತೆಯೂ ಇರಲಿಲ್ಲ. ಕಪಾಳಕ್ಕೆ ಬಿದ್ದ ಏಟಿನ ಸಪ್ಪಳಕ್ಕೆ ಊಟದ ಹಾಲ್‌ನಲ್ಲಿ ಕೂತವರು ತಿರುಗಿ ನೋಡಿದರು. ತುಟಿ ಒಡೆದು ರಕ್ತ ಬಂತು. ಸರ್ ಕೌಂಟರಿನಿಂದ ಹೊರಬಂದು ಮೇಲೆ ಹೋಗುವ ಮೆಟ್ಟಿಲುಗಳ ಕಡೆ ಓಡಿದರು. ಅಲ್ಲಿ ಮೊದಲ ಮೆಟ್ಟಿಲ ಮೇಲೆ ಕುಸಿದು ಕೂತುಬಿಟ್ಟರು. ಧೈರ್ಯ ಮಾಡಿ ಕೂತರೋ, ಕಾಲು ಸೋತು ಕೂತರೋ, ನಾನು ಇವತ್ತಿಗೂ ಹೇಳಲಾರೆ. ಆದರೆ ನಮ್ಮ ಲಾಡ್ಜಿನ ಮೆಟ್ಟಿಲು ಇಕ್ಕಟ್ಟು, ಅವರ ಮೈ ದೊಡ್ಡದು. ಅವರು ಕೂತರೆ ಅಲ್ಲಿ ಬೆಕ್ಕು ನುಸುಳಲೂ ಜಾಗವಿರಲಿಲ್ಲ.

"ಹೊಡೀರಿ. ಬೇಕಾದ್ರ ಇನ್ನೊಂದು ಹೊಡೀರಿ. ಮ್ಯಾಲ ಬ್ಯಾಡ್ರಿ. ಕೈ ಮುಗೀತೇನಿ" ಎಂದು ಅಳುತ್ತ ಹೇಳುತ್ತಿದ್ದರು. ಕಣ್ಣು ಮಾತ್ರ ನನ್ನ ಮೇಲಿತ್ತು, ಅಲ್ಲಿಂದ ಅಡುಗೆಮನೆಯ ಕಡೆ ಹೋಯಿತು.

ಅಡುಗೆಮನೆಯ ಹಿತ್ತಲಿನಿಂದ ಮೇಲಿನ ಪಡಸಾಲೆಗೆ, ಚಾದರ ಒಣಹಾಕಲು ಹೋಗುವ ಒಂದು ಕಬ್ಬಿಣದ ಏಣಿಯಿತ್ತು. ನಾನು ಹತ್ತಿ ಹೋಗಿ ಸಾವಿತ್ರಿಯನ್ನು ಇಳಿಸಿಕೊಂಡು ಬಂದೆ. ಆಕೆಯ ಚೀಲ ನನ್ನ ಹೆಗಲಿಗಿತ್ತು. ಅಡುಗೆಯ ದಸ್ತಗೀರ ಚಾಚಾ ಒಂದು ಮಾತೂ ಕೇಳದೆ ಹಿಂದಿನ ಗಲ್ಲಿಯಲ್ಲಿ, ಸೊಲ್ಲಾಪುರದ ಕಡೆಯ ಚಡಚಣಕ್ಕೆ ನಿಂಬೆಹಣ್ಣು ಒಯ್ಯುವ ಟೆಂಪೋ ನಿಲ್ಲಿಸಿದರು. ಚೀಲಗಳ ನಡುವೆ ಆಕೆಯನ್ನು ಕೂರಿಸಿ, ಕಾಗದದಲ್ಲಿ ಸುತ್ತಿದ ರೊಟ್ಟಿ ಪಲ್ಯವನ್ನು ಮಡಿಲಿಗೆ ಹಾಕಿ, ಮೇಲೆ ತಾಡಪತ್ರಿಯ ಹೊದಿಕೆ ಎಳೆದರು.

ನಾನು ಒಳಗೆ ಬಂದು ತಲೆಯಾಡಿಸಿದ ಮೇಲೆಯೇ ಸರ್ ಪಕ್ಕಕ್ಕೆ ಸರಿದದ್ದು. ಅಣ್ಣಂದಿರು ಮೇಲೆ ಓಡಿದರು. ಖಾಲಿ ಕೋಣೆ, ಒದ್ದೆ ಟವೆಲ್ಲು. ಇಳಿದು ಬಂದವರು ಬಾಯಿಗೆ ಬಂದಂತೆ ಬೈದು, ನಾಳೆ ಲಾಡ್ಜಿಗೆ ಬೆಂಕಿ ಹಚ್ಚುತ್ತೇವೆಂದು ಹೇಳಿ ಜೀಪು ಹತ್ತಿದರು. ಜೀಪು ಯಾವ ಕಡೆ ತಿರುಗುತ್ತದೆಂದು ನಾನೂ ಸರ್ ಅವರೂ ಬಾಗಿಲಲ್ಲಿ ನಿಂತು ನೋಡಿದೆವು. ಸಿಂದಗಿಯ ಕಡೆ ತಿರುಗಿತು.

ಸರ್ ಕೇಳಿದ ಮೊದಲ ಮಾತು: "ಉಂಡು ಹ್ವಾದಳೇನು ಆಕಿ?"

ಆಮೇಲಿನ ಹೊತ್ತು ಇನ್ನೂ ಕಷ್ಟದ್ದು. ರಸ್ತೆಯಲ್ಲಿ ಯಾವ ಜೀಪು ಹೋದರೂ ಇಬ್ಬರೂ ಬೆಚ್ಚುತ್ತಿದ್ದೆವು. ಟೆಂಪೋ ದಾರಿಯಲ್ಲಿ ಸಿಕ್ಕಿಬಿತ್ತೋ ಏನೋ ತಿಳಿಯಲು ದಾರಿಯಿರಲಿಲ್ಲ. ಇಳಿಹೊತ್ತಿಗೆ ಮಾಲೀಕರು ಬಂದರು. ಕೂಗಾಡಲಿಲ್ಲ. "ಶಿವಶರಣಪ್ಪ, ನಾಳಿಂದ ನೀ ಬರಬ್ಯಾಡ" ಅಂದರು, ಅಷ್ಟೆ. ಸರ್ ಎದ್ದು ನಿಂತು ಕೇಳಿಸಿಕೊಂಡು, "ಹೂನ್ರಿ" ಅಂದರು.

ಅದೇ ಸಂಜೆ ಅವರ ಮೌಖಿಕ ಪರೀಕ್ಷೆಯಿತ್ತು. ಬೇಡ ಅಂದರೂ ಕೇಳಲಿಲ್ಲ. ಊದಿದ ತುಟಿಯಲ್ಲಿ ಸೈಬರ್ ಕೆಫೆಗೆ ಬಂದರು. ಮೇಡಂ ಮೊದಲ ಪ್ರಶ್ನೆ ಕೇಳಿದರು. ಹಂಗಾಮಿಗೆ ತಕ್ಕಂತೆ ಕೋಣೆಗಳ ದರ ಏರಿಸಿ ಇಳಿಸುವ ಬಗ್ಗೆ, ಅವರು ಬಾಯಿಪಾಠ ಮಾಡಿದ್ದ ಪ್ರಶ್ನೆಯೇ. ಸರ್ ನಿಂತರು. ವಯರಿಗೆ ಎಟಕುವಷ್ಟು ಬಗ್ಗಿದರು. ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ, "ಮೇಡಂ, ಇವತ್ತು ನನಗೆ ಭಯವಾಗಿದೆ. ದಯವಿಟ್ಟು ಮುಂದಿನ ವಾರ ಕೇಳಿರಿ" ಅಂದರು.

 ಮೇಡಂ, ಆಗಲಿ, ಮುಂದಿನ ವಾರ ಎಂದರು. ಕಾರಣ ಕೇಳಲಿಲ್ಲ.

ಹೊರಗೆ ಬಂದು ಸರ್ ಬೆರಗಿನಿಂದ ನನ್ನ ಮುಖ ನೋಡಿದರು. "ಅಂಜಿಕಿ ಬಂದೈತಿ ಅಂದ್ರ ರಜಾ ಕೊಟ್ರಲ್ಲವಾ! ನಾ ಎಲ್ಲಾರ ಮುಂದ ಮುಚ್ಚಿಟಗೊಂಡ ಬಂದಿದ್ದೆ ಇಷ್ಟ ವರ್ಷ." ಅಂದು ಅವರು ನಗತೊಡಗಿದರು. ತುಟಿ ನೋಯುತ್ತಿದ್ದರೂ ನಗುತ್ತಲೇ ಇದ್ದರು.

ಮರುದಿನ ಮುದ್ದೇಬಿಹಾಳಕ್ಕೆ, ಅಕ್ಕನ ಮನೆಗೆ ಹೊರಟುಹೋದರು. ಅಲ್ಲಿಂದ ದಿನಾಲೂ ಬಸವನಬಾಗೇವಾಡಿಯ ಒಂದು ಮಂಗಲ ಕಾರ್ಯಾಲಯಕ್ಕೆ ಹೋಗಿ, ಮದುವೆಗೆ ಬಂದ ಬೀಗರ ಊಟ ವಸತಿ ನೋಡಿಕೊಳ್ಳುವ ಕೆಲಸ ಹಿಡಿದರು. ಓದು ಬಿಡಲಿಲ್ಲ. ಅವರು ಹೋದ ಕೆಲವು ದಿನಗಳಿಗೆ ಲಾಡ್ಜಿಗೆ ಒಂದು ಫೋನು ಬಂತು. ನಾನೇ ಎತ್ತಿದೆ. "ಆ ದೊಡ್ಡ ಮೀಸಿ ಸಾಹೇಬ್ರಿಗೆ ಹೇಳ್ರಿ, ನಾ ಡ್ಯೂಟಿ ಮ್ಯಾಲ ಅದೇನಿ" ಎಂದು ಹೇಳಿ ಆಕೆ ಇಟ್ಟುಬಿಟ್ಟಳು. ನಾನು ಅವರ ಅಕ್ಕನ ಮನೆಗೆ ಫೋನು ಮಾಡಿ ಹೇಳಿದಾಗ ಅವರು ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಮುಂದೆ ನನಗೆ ಮುದ್ದೇಬಿಹಾಳದ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹೀಗಾಗಿ ಅವರಿಗೆ ಪದವಿ ಬಂದ ವರ್ಷ ನಾನು ಅದೇ ಊರಲ್ಲಿದ್ದೆ. ಪೇಢೆ ಹಿಡಿದುಕೊಂಡು ಬಂದವರು ಸಂತೋಷಕ್ಕಿಂತ ಹೆಚ್ಚು ಗಾಬರಿಯಲ್ಲಿದ್ದರು. ಹೊಸಪೇಟೆಯ ಹತ್ತಿರ ಪರದೇಶದ ಪ್ರವಾಸಿಗಳು ಇಳಿಯುವ ದೊಡ್ಡ ಹೋಟೆಲಿನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಕೆಲಸ ಸಿಕ್ಕಿತ್ತು.

ಹೊರಡುವ ದಿನ ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ಹೊಸಪೇಟೆಗೆ ಹೋಗುತ್ತದೋ ಎಂದು ಡ್ರೈವರನನ್ನು ಕೇಳಿದರು, ಕಂಡಕ್ಟರನನ್ನು ಕೇಳಿದರು, ಶೇಂಗಾ ಮಾರುವವಳನ್ನೂ ಕೇಳಿದರು. ಹತ್ತಿ ಕೂತರು. ಮತ್ತೆ ಇಳಿದು ಬಂದರು.

"ಬ್ಯಾಡ ಅನಸ್ತೈತಿ ತಂಗಿ. ಕಾಲ ಒಲ್ಲೆ ಅನ್ನಾಕತ್ತಾವ."

ಅವರು ನಿಜವಾಗಿಯೂ ಉಳಿದುಬಿಡುತ್ತಾರೇನೋ ಎಂದು ನನಗೆ ಭಯವಾಯಿತು. "ನನಗೂ ಅಂಜಿಕಿ ಆಗಾಕತ್ತೈತ್ರಿ ಸರ್. ಹತ್ರಿ" ಅಂದೆ. ಅವರು ನನ್ನ ಮುಖವನ್ನು ಚೆನ್ನಾಗಿ ನೋಡಿದರು. ಕಂಡಕ್ಟರ್ ಸೀಟಿ ಊದಿದ. ಹತ್ತಿಕೊಂಡರು. ಬಸ್ಸು ಚಲಿಸಿದ ಮೇಲೆ ಕಿಟಕಿಯಿಂದ ಅರ್ಧ ಮೈ ಹೊರಚಾಚಿ, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದರು: "ಮನಿ ಮುಟ್ಟಿದ ಕೂಡ್ಲೆ ಫೋನ್ ಮಾಡವಾ!"

ನನ್ನ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲೇ ಇತ್ತು.

ಮುಂದೆ ಅವರ ನಂಬರು ಬದಲಾಯಿತು. ಅವರ ಅಕ್ಕನೂ ಊರು ಬಿಟ್ಟರು. ಆ ಹೋಟೆಲಿನಿಂದ ಅವರು ಇನ್ನೂ ದೂರದ ಯಾವುದೋ ಊರಿಗೆ, ಇನ್ನೂ ದೊಡ್ಡ ಕೆಲಸಕ್ಕೆ ಹೋದರೆಂದು ಯಾರೋ ಹೇಳಿದರು. ಮತ್ತೆ ಭೇಟಿಯಾಗಲಿಲ್ಲ.

ಅವತ್ತು, ಬಸ್ಸು ಹೋದ ಮೇಲೆ, ಮನೆಗೆ ಬಂದು ಅವರ ಮೊಬೈಲಿಗೆ ಫೋನು ಮಾಡಿದೆ. ಬಸ್ಸಿನ ಗದ್ದಲದ ನಡುವೆ ಅವರ ದನಿ ಕೇಳಿಸಿತು. "ಮುಟ್ಟಿದೇನವಾ? ಹಾಂ, ಆತು. ಬಾಗ್ಲಾ ಹಾಕ್ಕೋ."