ಹೊಳೆವ್ವನ ಹೊರೆಗಲ್ಲು

ತಲೆಯ ಮೇಲಿನ ತುಂಬಿದ ಬುಟ್ಟಿಯನ್ನು ಒಬ್ಬಳೇ ಇಳಿಸಿಕೊಳ್ಳುವುದು ಆಗದ ಕೆಲಸ. ಹೊರಿಸಲು ಒಬ್ಬರು ಬೇಕು, ಇಳಿಸಲು ಒಬ್ಬರು ಬೇಕು. ಹಾಗೆ ಯಾರೂ ಸಿಗದವರಿಗಾಗಿ ಬಿದರಹೊಂಡದ ಸಂತೆ ಬಯಲಿನಲ್ಲಿ ಒಂದು ಹೊರೆಗಲ್ಲು ಇತ್ತು. ನೆಟ್ಟಗೆ ನಿಲ್ಲಿಸಿದ ಎರಡು ಕಂಬ, ಅವುಗಳ ಮೇಲೆ ಅಡ್ಡಲಾಗಿ ಮಲಗಿಸಿದ ಉದ್ದನೆಯ ಕಲ್ಲು. ಹತ್ತಿರ ಹೋಗಿ ಮೊಣಕಾಲು ತುಸು ಮಡಿಸಿದರೆ ಬುಟ್ಟಿಯ ತಳ ಕಲ್ಲಿನ ಮೇಲೆ ಜಾರಿ ಕೂರುತ್ತಿತ್ತು. ಹೊರುವಾಗ ತಲೆ ಕೊಟ್ಟು ಎಳೆದುಕೊಂಡರೆ ಆಯಿತು. ಯಾರನ್ನೂ ಕರೆಯಬೇಕಿರಲಿಲ್ಲ.

ಊರ ಗಂಡಸರು ಇದನ್ನು ಹಿಂದಿನ ಯಾವನೋ ದೇಸಾಯಿ ಹಾಕಿಸಿದ್ದು ಅನ್ನುತ್ತಿದ್ದರು. ಹೆಂಗಸರು ಹೇಳುತ್ತಿದ್ದುದು ಬೇರೆ. ದಿನ ತುಂಬಿದ ಬಸುರಿಯೊಬ್ಬಳು ಸಂತೆಗೆ ಹೊರೆ ತಂದು, ಇಳಿಸುವವರಿಲ್ಲದೆ ಅಲ್ಲೇ ಬಿದ್ದು ಸತ್ತಳಂತೆ. ಅವಳ ತವರಿನವರು ಬಂದು ನಿಲ್ಲಿಸಿದ ಕಲ್ಲಂತೆ. ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ತಲೆಮಾರುಗಟ್ಟಲೆ ಬುಟ್ಟಿಗಳು ತಿಕ್ಕಿ ನಡುಭಾಗ ಮಾತ್ರ ನುಣ್ಣಗಾಗಿತ್ತು.

ಹೊಳೆವ್ವ ಅತ್ತಿವೇರಿ ಕಡೆಯ ಹೆಣ್ಣು. ಬಿದರಹೊಂಡದ ಹೊಲಗಳಾಚೆ, ಸಂತೆಯಿಂದ ಎರಡು ಹರದಾರಿ ದೂರದ ಹಳ್ಳಿಗೆ ಮದುವೆಯಾಗಿ ಬಂದಳು. ಗಂಡ ಮುದಕಪ್ಪ ಬಿದಿರು ಕಡಿಯಲು ಕಾಡಿಗೆ ಹೋದವನು ಜ್ವರ ಹೊತ್ತು ತಂದ, ಮತ್ತೆ ಏಳಲಿಲ್ಲ. ಮಗಳು ಕಾಶೆವ್ವ ಆಗ ಮೊಲೆ ಕುಡಿಯುವ ಕೂಸು. ಹೊಲ ಮೈದುನ ಕರಿಬಸಪ್ಪನ ಕೈಗೆ ಹೋಯಿತು, ಒಲೆ ಹೊಳೆವ್ವನ ಕೈಗೆ ಬಂತು. ನಸುಕಿನಲ್ಲಿ ಎದ್ದು ಸಗಣಿ ಬಾಚಿ, ನೀರು ಹೊತ್ತು, ಎಲ್ಲರಿಗೂ ರೊಟ್ಟಿ ಬಡಿದು ಮುಗಿಸಿದ ಮೇಲೆ ಉಳಿದ ಹೊತ್ತು ಅವಳದು. ಆ ಹೊತ್ತಿನಲ್ಲಿ ಅವಳು ಅವಲಕ್ಕಿ ಕುಟ್ಟುತ್ತಿದ್ದಳು.

ನೆನೆಸಿದ ಭತ್ತವನ್ನು ಹುರಿದು ಬಿಸಿಯಿರುವಾಗಲೇ ಕುಟ್ಟಬೇಕು. ಒನಕೆ ಹೊಳೆವ್ವನ ಕೈಯಲ್ಲಿ, ಒರಳಿನ ಪಕ್ಕದಲ್ಲಿ ಅತ್ತೆ ಸಿದ್ದಕ್ಕ. ಒನಕೆ ಮೇಲೆದ್ದಾಗ ಅತ್ತೆಯ ಕೈ ಒರಳೊಳಗೆ ಹೋಗಿ ಭತ್ತ ಸರಿಸಿ ಹೊರಗೆ ಬರುತ್ತಿತ್ತು. ಸೊಸೆಯ ಬಗ್ಗೆ ಒಂದೂ ಒಳ್ಳೆಯ ಮಾತಾಡದ ಮುದುಕಿ, ಅವಳ ಒನಕೆಯ ಕೆಳಗೆ ಮಾತ್ರ ಅಂಜದೆ ಕೈ ಇಡುತ್ತಿದ್ದಳು.

ಮೊದಲ ವರ್ಷಗಳಲ್ಲಿ ಆ ಅವಲಕ್ಕಿಯನ್ನು ಕರಿಬಸಪ್ಪ ಚಕ್ಕಡಿಯಲ್ಲಿ ಒಯ್ದು ಮಾರುತ್ತಿದ್ದ. ಬಂದದ್ದು ಅವನ ಕಿಸೆಗೆ. ಮಗಳ ತಲೆಗೆ ಎಣ್ಣೆ ಬೇಕೆಂದರೂ ಹೊಳೆವ್ವ ಅವನ ಮುಂದೆ ನಿಂತು ಕೇಳಬೇಕು. ಒಂದು ಗುರುವಾರ ಅವಳು ಬುಟ್ಟಿಯನ್ನು ತಾನೇ ಹೊತ್ತು ನಡೆದಳು. ಹೊಸ್ತಿಲಲ್ಲಿ ಸಿದ್ದಕ್ಕ ಹೊರಿಸಿದಳು, ಸಂತೆಯಲ್ಲಿ ಕಲ್ಲು ಇಳಿಸಿಕೊಂಡಿತು. ಅಂದಿನಿಂದ ಕಾಶೆವ್ವನ ಪಾಟಿ, ಪುಸ್ತಕ, ಲಂಗ ಎಲ್ಲ ಆ ಬುಟ್ಟಿಯಿಂದಲೇ ಬಂದವು. ಹುಡುಗಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡಬೇಕು ಅನ್ನುವುದು ತಾಯಿಯ ಹಟ. ನಾಲ್ಕನೇ ಇಯತ್ತೆಗೇ ಸಾಕು ಅನ್ನುವುದು ಕರಿಬಸಪ್ಪನ ಅಭಿಪ್ರಾಯ. ಅಭಿಪ್ರಾಯಕ್ಕೆ ಖರ್ಚಿರಲಿಲ್ಲ, ಹಟಕ್ಕಿತ್ತು.

ಅರವತ್ತೆರಡನೇ ಇಸವಿಯ ಸುಮಾರಿಗೆ ಬಿದರಹೊಂಡಕ್ಕೆ ಹೊಸ ಪಂಚಾಯ್ತಿ ಕಟ್ಟಡ ಬಂತು. ಅದರ ಮುಂದೆ, ಬೇವಿನ ಗಿಡದ ನೆರಳಿನಲ್ಲಿ, ಬಂದ ಜನ ಕೂರಲು ಒಂದು ಕಟ್ಟೆಯಿದ್ದರೆ ಚೆನ್ನ ಅಂತ ಚೇರ್ಮನ್ ಬಸಲಿಂಗಯ್ಯನವರಿಗೆ ಅನಿಸಿತು. ಅಯ್ಯನವರು ಕೆಟ್ಟವರಲ್ಲ. ಸಂತೆ ಬಯಲಿನ ಉದ್ದನೆಯ ಕಲ್ಲು ಅವರ ಕಣ್ಣಿಗೆ ಬಿತ್ತು, ಅಷ್ಟೆ.

"ಬಸ್ ಬಂತು, ಲಾರಿ ಬಂತು. ಇನ್ನ ತಲಿ ಮ್ಯಾಲೆ ಹೊರೋರು ಯಾರದಾರ?" ಅಂದರು.

ಅವರು ಹಾಗೆ ಅನ್ನುವಾಗ ಎದುರಿನ ದಾರಿಯಲ್ಲಿ ಹೆಂಗಸರು ತಲೆಯ ಮೇಲೆ ಸೌದೆ ಹೊತ್ತು ಹೋಗುತ್ತಿದ್ದರು. ಅಡ್ಡಗಲ್ಲನ್ನು ಕಿತ್ತು ತಂದು ಎರಡು ಗಿಡ್ಡ ಇಟ್ಟಂಗಿ ಗೋಡೆಗಳ ಮೇಲೆ, ಮೊಣಕಾಲೆತ್ತರಕ್ಕೆ ಹಾಸಿದರು.

ಮುಂದಿನ ಗುರುವಾರ ಹೊಳೆವ್ವ ಎಂದಿನಂತೆ ಬಂದು, ಎಂದಿನ ಜಾಗದಲ್ಲಿ ಮೊಣಕಾಲು ಮಡಿಸಿದಳು. ಬುಟ್ಟಿಯ ಕೆಳಗೆ ಏನೂ ಸಿಗಲಿಲ್ಲ. ಮುಗ್ಗರಿಸಿ ಹೇಗೋ ಸಾವರಿಸಿಕೊಂಡು ನೋಡಿದರೆ ಎರಡು ಬೋಳು ಕಂಬಗಳು.

"ಯಣ್ಣಾ, ಒಂದ ಕೈ ಹಚ್ಚೋ," ಅಂತ ದಾರಿಯಲ್ಲಿ ಹೋಗುವವನನ್ನು ಕರೆದಳು.

"ಎತ್ತಿನ ಯಾಪಾರಕ್ಕ ಹೊಂಟೇನಿ ಯವ್ವಾ," ಅಂದು ಅವನು ಪಕ್ಕಕ್ಕೆ ಸರಿದು ಹೋದ. ಸಂತೆಗೆ ಹೊರಟ ಹೊತ್ತಿನಲ್ಲಿ ಗಂಡ ಸತ್ತವಳ ಹೊರೆಗೆ ಕೈ ಹಚ್ಚಿದರೆ ವ್ಯಾಪಾರ ಕೆಡುತ್ತದೆ ಅನ್ನುವುದು ಆ ಸೀಮೆಯ ನಂಬಿಕೆ. ಹೊಳೆವ್ವನಿಗೂ ಅದು ಗೊತ್ತು. ಇಷ್ಟು ವರ್ಷ ಅವಳು ಯಾರನ್ನೂ ಕೇಳದೆ ಕಲ್ಲನ್ನೇ ನೆಚ್ಚಿದ್ದು ಅದಕ್ಕೇ.

ಕೊನೆಗೆ ಪಾತ್ರೆಗೆ ಕಲಾಯಿ ಹಾಕುವ ಕಾಸಿಂಸಾಬ ತಿದಿ ಒತ್ತುವುದನ್ನು ಬಿಟ್ಟು ಎದ್ದು ಬಂದ.

"ನಿಂದ್ರ ಅಕ್ಕಾ, ಅಳ್ಳಾಡಬ್ಯಾಡ." ಇಳಿಸಿದ ಮೇಲೆ ತನ್ನ ಕೈ ನೋಡಿಕೊಂಡ. "ಬುಟ್ಟಿಗೆ ಮಸಿ ಹತ್ತೇತಿ ನೋಡು."

"ಹತ್ತಲಿ ಬಿಡೋ ಅಣ್ಣಾ. ಕುತ್ತಿಗಿ ಉಳೀತಲ್ಲ."

"ಇವತ್ತೇನೋ ಇಳಿಸಿದೆ. ಬರೂ ವಾರ ನಾ ಹಾನಗಲ್ಲಿಗೆ ಹೋಗಾಂವ. ಆಗೇನ ಮಾಡ್ತಿ?"

ಉತ್ತರ ಅವತ್ತು ರಾತ್ರಿ ಊಟದ ಹೊತ್ತಿಗೆ ಕರಿಬಸಪ್ಪನ ಬಾಯಲ್ಲಿ ಸಿದ್ಧವಾಗಿತ್ತು.

"ಇನ್ನ ಯಾಕ ಹೊರತಿ ವೈನಿ? ನನ್ನ ಚಕ್ಕಡ್ಯಾಗ ಹಾಕು, ನಾನ ಮಾರಕೊಂಡ ಬರತೇನಿ. ನೀ ಮನ್ಯಾಗ ಆರಾಮ ಇರು."

ಆರಾಮ ಅನ್ನುವ ಮಾತಿಗೆ, ಒಲೆಯ ಮುಂದೆ ಕೂತಿದ್ದ ಸಿದ್ದಕ್ಕ ತಲೆಯೆತ್ತಿ ಮಗನನ್ನು ನೋಡಿದಳು.

"ಹಂಗಾರ ನಾನೂ ಚಕ್ಕಡ್ಯಾಗ ಬರತೇನಿ," ಅಂದಳು ಹೊಳೆವ್ವ. "ಬುಟ್ಟಿ ಜೋಡಿ."

"ಎತ್ತು ಹೂಡೂ ಹೊತ್ತಿಗೆ ನೀ ಮುಂದ ಬಂದ ಕೂತ್ರ ಹೆಂಗ? ಮಂದಿ ಏನಂದಾರು?" ಅವನು ಮತ್ತೊಂದು ರೊಟ್ಟಿಗೆ ಕೈಚಾಚಿದ. "ಮತ್ತ ಕಾಶೀನೂ ಸಾಲಿ ಬಿಡಸು. ನಿನಗೂ ಒಂದ ಕೈ ಆಗತಾಳ."

ಹೊಳೆವ್ವ ರೊಟ್ಟಿ ಕೊಟ್ಟಳು, ಮಾತು ಕೊಡಲಿಲ್ಲ.

ಮತ್ತೊಂದು ಗುರುವಾರ. ಹೊಳೆವ್ವ ಬೋಳು ಕಂಬಗಳ ಹತ್ತಿರ ನಿಲ್ಲಲಿಲ್ಲ. ಬುಟ್ಟಿ ಹೊತ್ತು ನೇರವಾಗಿ ಪಂಚಾಯ್ತಿಯ ಮುಂದೆ ಬಂದಳು. ಕಲ್ಲಿನ ಮೇಲೆ ಬಸಲಿಂಗಯ್ಯನವರು, ಅವರ ಎಡಕ್ಕೆ ಪಂಚಾಯ್ತಿ ಜವಾನ ದ್ಯಾಮಪ್ಪ, ಬಲಕ್ಕೆ ಸಂತೆಗೆ ಬಂದಿದ್ದ ಕರಿಬಸಪ್ಪ ಕೂತಿದ್ದರು.

"ಶರಣ್ರಿ ಅಯ್ಯಾರ. ಬಗ್ಗಾಕ ಆಗೂದಿಲ್ಲ, ತಪ್ಪ ತಿಳೀಬ್ಯಾಡ್ರಿ."

"ಏನವಾ, ಇಲ್ಲಿಗ್ಯಾಕ ಬಂದಿ?"

"ಕಲ್ಲ ಇಲ್ಲಿಗೆ ಬಂದೈತಲ್ರಿ. ಅದರ ಬೆನ್ನ ಹತ್ತಿ ಬಂದೆ."

"ಇದೀಗ ಕುಂದ್ರೂ ಕಲ್ಲು, ಹೊಳೆವ್ವಾ."

"ಹೌದ್ರಿ, ಗಿಡ್ಡ ಆಗೇತಿ. ನನಗ ಒಬ್ಬಾಕಿಗೆ ಇದರ ಮ್ಯಾಲೆ ಇಳಸಾಕ ಬರೂದಿಲ್ಲ. ಕಲ್ಲಿನ ಮ್ಯಾಲೆ ಕೂತೋರ ಇಳಸ್ರಿ."

ಅಯ್ಯನವರು ದ್ಯಾಮಪ್ಪನ ಕಡೆ ನೋಡಿದರು. "ನಾ ಹೋರಿ ಕೊಳ್ಳಾಕ ಹೊಂಟೇನ್ರಿ," ಅಂದ ದ್ಯಾಮಪ್ಪ. ಕರಿಬಸಪ್ಪನ ಕಡೆ ನೋಡಿದರು. ಅವನು ಬೇವಿನ ಗಿಡದಲ್ಲಿ ಏನನ್ನೋ ಹುಡುಕುತ್ತಿದ್ದ. ಹೊಳೆವ್ವನ ಕುತ್ತಿಗೆಯ ನರ ಉಬ್ಬಿ, ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಎರಡೂ ಕೈಗೆ ಬಿಡುವಿರಲಿಲ್ಲ. ಅವಳು ಹಿಂದಕ್ಕೆ ಹೋಗುವ ಹಾಗೆ ಕಾಣಲಿಲ್ಲ. ಸಂತೆಗೆ ಬಂದ ನಾಲ್ಕು ಜನ ಆಗಲೇ ನಿಂತು ನೋಡುತ್ತಿದ್ದರು.

ಬಸಲಿಂಗಯ್ಯನವರು ಶಲ್ಯ ಕೆಳಗಿಟ್ಟು ಎದ್ದರು. ಬುಟ್ಟಿಗೆ ಕೈ ಕೊಟ್ಟರು. ಹೆಂಗಸು ಹೊತ್ತು ನಡೆದು ಬಂದ ಬುಟ್ಟಿ ಎಷ್ಟು ಭಾರ ಇದ್ದೀತು ಅಂದುಕೊಂಡಿದ್ದರು, ಅದು ಅವರನ್ನೂ ಜೊತೆಗೆ ನೆಲಕ್ಕೆ ಕರೆದೊಯ್ದಿತು. ಹೇಗೋ ಕುಕ್ಕರುಗಾಲಲ್ಲಿ ಕೂತು ಬಚಾವಾದರು.

"ಏನ ತುಂಬೀಯವಾ ಇದರಾಗ, ಕಲ್ಲೇನು?"

"ಅವಲಕ್ಕಿರಿ. ಕಲ್ಲ ನಿಮ್ಮ ಹಂತ್ಯಾಕ ಐತಿ."

ಅವಳು ಅಲ್ಲೇ ಬೇವಿನ ನೆರಳಿನಲ್ಲಿ ಸೇರು ತೆಗೆದು ವ್ಯಾಪಾರಕ್ಕೆ ಕೂತಳು. ಸ್ವಲ್ಪ ಹೊತ್ತಿನಲ್ಲಿ ಸೌತೆಕಾಯಿ ಹೊತ್ತ ಮಾಲವ್ವ ಬಂದಳು. ಹೊಳೆವ್ವ ಕೂತದ್ದನ್ನು ನೋಡಿ, ಅಯ್ಯನವರನ್ನು ನೋಡಿ, "ನನ್ನದೂ ಒಂದಿಷ್ಟ ಇಳಸ್ರಿ ಅಯ್ಯಾರ" ಅಂದಳು. ಯಾರೂ ಅವಳಿಗೆ ಹೇಳಿಕೊಟ್ಟಿದ್ದಲ್ಲ. ಅವಳ ಕುತ್ತಿಗೆಯೂ ನೋಯುತ್ತಿತ್ತು. ಸಂಜೆಯಾದಾಗ ಮನೆಗೆ ಒಯ್ಯುವ ಉಪ್ಪು, ಬೆಲ್ಲ, ದನದ ಹಿಂಡಿ ತುಂಬಿಕೊಂಡು ಇಬ್ಬರೂ ಮತ್ತೆ ಎದುರು ನಿಂತರು. ಈಗ ಹೊರಿಸಬೇಕಾಗಿತ್ತು.

ಆ ರಾತ್ರಿ ಅಯ್ಯನವರ ಹೆಂಡತಿ ನೀಲಕ್ಕ ಅವರ ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಕೇಳಿದಳಂತೆ, "ನಾ ಕೆರಿ ನೀರ ಹೊರಾಕ ಹತ್ತಿ ಎಷ್ಟ ವರ್ಷ ಆತು, ನನ್ನ ನಡಾ ಯಾರ ತಿಕ್ಕ್ಯಾರ್ರಿ?"

ಮನೆಯಲ್ಲಿ ಕರಿಬಸಪ್ಪ ಅತ್ತಿಗೆಯ ಜೊತೆ ಮಾತು ಬಿಟ್ಟ. ರೊಟ್ಟಿ ಬಿಡಲಿಲ್ಲ. ಹೊಳೆವ್ವನಿಗೆ ಅಂಜಿಕೆ ಇರಲಿಲ್ಲ ಅಂತಲ್ಲ. ಪಂಚಾಯ್ತಿಯವರು ಒಂದು ಸಲ ಗದರಿಸಿ ಅಟ್ಟಿದರೆ ಅವಲಕ್ಕಿ ಮರಳಿ ಚಕ್ಕಡಿಗೆ, ಮಗಳು ಒಲೆಗೆ. ಭತ್ತ ಹುರಿಯುತ್ತ ಅವಳು ಅದನ್ನೇ ಯೋಚಿಸುತ್ತಿದ್ದಳು, ಎರಡು ಸಲ ಸೀಯಿಸಿದಳು. ಆದರೂ ಗುರುವಾರ ಬಂದಾಗ ಬುಟ್ಟಿಯ ಕೆಳಗೆ ತಲೆ ಕೊಟ್ಟಳು.

ಆ ವಾರ ಮಾಲವ್ವನ ಹಿಂದೆ ಮಡಿಕೆಯವರು, ಸೊಪ್ಪಿನವರು, ತಲೆಯ ಮೇಲೆ ಇದ್ದಿಲ ಚೀಲ ಹೊತ್ತ ಕಾಸಿಂಸಾಬನ ಹೆಂಡತಿ ಸಕೀನಾ ಎಲ್ಲ ಬಂದರು. ಕಲ್ಲಿನ ಮೇಲೆ ಕೂತವರು ಏಳುತ್ತ, ಇಳಿಸುತ್ತ, ಕೂರುವಷ್ಟರಲ್ಲಿ ಮತ್ತೆ ಏಳುತ್ತ ಸುಸ್ತಾದರು. ವಿಧವೆಯದು ಯಾವ ಬುಟ್ಟಿ, ಮುತ್ತೈದೆಯದು ಯಾವುದು ಅಂತ ವಿಚಾರಿಸುವ ಪುರಸೊತ್ತೇ ಯಾರಿಗೂ ಆಗಲಿಲ್ಲ. "ಪಂಚಾಯ್ತಿ ಹೋಗಿ ಹಮಾಲರ ಅಡ್ಡಾ ಆತು," ಅಂದ ದ್ಯಾಮಪ್ಪ, ಕುಂಬಳಕಾಯಿ ಬುಟ್ಟಿಯ ಕೆಳಗಿಂದ. ಅವನ ಹೋರಿ ವ್ಯಾಪಾರ ಅವತ್ತೇ ಕುದುರಿತು. ಅದನ್ನು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ. ಅದರ ಮುಂದಿನ ಗುರುವಾರ ಕಲ್ಲಿನ ಮೇಲೆ ಕೂರಲು ಒಬ್ಬ ಗಂಡಸೂ ಬರಲಿಲ್ಲ. ಅಯ್ಯನವರು ಜವಾನನ ಜೊತೆ ಒಳಗೆ ಬಾಗಿಲು ಮುಚ್ಚಿಕೊಂಡು ಕೂತಿದ್ದರು. ಹೊಳೆವ್ವ ಹೊರಗಿನಿಂದ ಕರೆದಳು.

"ಅಯ್ಯಾರ, ಅದೀರೇನ್ರಿ?"

ಬಾಗಿಲು ತೆರೆಯಿತು. ಬುಟ್ಟಿ ಇಳಿಸಿ ನಡು ನೆಟ್ಟಗೆ ಮಾಡಿಕೊಳ್ಳುತ್ತ ಅಯ್ಯನವರು ದ್ಯಾಮಪ್ಪನಿಗೆ ಹೇಳಿದರು, "ನಾಳೆ ನಾಲ್ಕ ಮಂದೀನ ಕರಕೊಂಬಾ. ಈ ಕಲ್ಲ ಒಯ್ದ ಇದ್ದಲ್ಲೇ ಇಟ್ಟ ಬರ್ರಿ."

ಕಲ್ಲು ವಾಪಸು ಕಂಬಗಳ ಮೇಲೆ ಕೂತಿತು. ಪಂಚಾಯ್ತಿಯ ಕೆಲಸ ಅಂತ ನಾಲ್ಕು ಜನಕ್ಕೆ ಕಾಣಲಿ ಎಂದು ಸಂತೆಯ ಹಿಂದಿನ ಸಂಜೆ ಅದಕ್ಕೆ ಬೆಳ್ಳಗೆ ಸುಣ್ಣವನ್ನೂ ಬಳಿಸಿದರು. ಗುರುವಾರ ಹೊಳೆವ್ವ ಬಂದು, ಮೊಣಕಾಲು ಮಡಿಸಿ ಬುಟ್ಟಿ ಇಳಿಸಿ, ಮೊದಲು ಮುಖದ ಬೆವರು ಒರೆಸಿಕೊಂಡಳು. ಬಸಲಿಂಗಯ್ಯನವರು ಅದೇ ದಾರಿಯಲ್ಲಿ ಬಂದರು.

"ಈಗ ಸಮಾಧಾನ ಆತಿಲ್ಲೋ, ಹೊಳೆವ್ವಾ?"

"ಆತ್ರಿ. ಖರೆ, ಸುಣ್ಣ ಹಸೀ ಐತ್ರಿ. ಎಲ್ಲಾರ ಬುಟ್ಟಿಗೂ ಹತ್ತತೈತಿ. ಒರಸಬೇಕಾಗತೈತಿ ನೋಡ್ರಿ."

ಒರೆಸಲು ಯಾರಾದರೂ ಹೆಂಗಸು ಇದ್ದಾಳೋ ಎಂದು ಅಯ್ಯನವರು ಸುತ್ತ ನೋಡಿದರು. ಹೊಳೆವ್ವ ಅಷ್ಟರಲ್ಲಿ ಸೇರು ಹಿಡಿದು ಗಿರಾಕಿಯ ಕಡೆ ತಿರುಗಿದ್ದಳು.